ಬೇಕಾಗಿದ್ದಾರೆ: ಅಳತೆಗೆ ಸಿಗದ ಮಾತುಗಳ ಬಗ್ಗೆ

ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿರುವ ಅಕ್ಕನ ಮಗ ಮೊನ್ನೆ ಮನೆಗೆ ಬಂದಿದ್ದಾಗ ಫೋನಿನಲ್ಲಿ ಒಂದು ಉದ್ಯೋಗದ ಜಾಹೀರಾತು ತೋರಿಸಿದ. ಸಾಫ್ಟ್‌ವೇರ್ ಡೆವಲಪರ್ ಬೇಕಾಗಿದ್ದಾರೆ ಎಂಬುದು ಅದರ ತಾತ್ಪರ್ಯ. ನಾಲ್ಕೈದು ಸಲ ಬೆರಳಾಡಿಸಿದರೂ ಮುಗಿಯದಷ್ಟು ಉದ್ದ. "ಮಾಮ, ನೀವು ಸಾಹಿತ್ಯ ಓದಿದೋರು. ಇದನ್ನ ಒಂದ್ಸಲ ಓದಿ. ನಂಗೆ ಏನು ಕೆಲಸ ಬರಬೇಕು ಅಂತ ಇದ್ರಲ್ಲಿ ಎಲ್ಲಿ ಬರೆದಿದೆ ಹೇಳಿ" ಎಂದ. ಓದಿದೆ. ಜಾವಾ, ಎಸ್‌ಕ್ಯೂಎಲ್ ಎಂಬ ಎರಡು ಹೆಸರು ಒಂದು ಸಾಲಿನಲ್ಲಿದ್ದವು. ಉಳಿದದ್ದೆಲ್ಲ ಕೆಲಸದ ಬಗ್ಗೆ ಅಲ್ಲ, ಕೆಲಸಕ್ಕೆ ಬರುವವನ ಸ್ವಭಾವದ ಬಗ್ಗೆ. ಅವನು ಪ್ಯಾಶನೇಟ್ ಆಗಿರಬೇಕು, ಸೆಲ್ಫ್ ಸ್ಟಾರ್ಟರ್ ಆಗಿರಬೇಕು, ಫಾಸ್ಟ್ ಪೇಸ್ಡ್ ವಾತಾವರಣದಲ್ಲಿ ಅರಳಬೇಕು, ಓನರ್‌ಶಿಪ್ ತೆಗೆದುಕೊಳ್ಳಬೇಕು, ಒಟ್ಟಿನಲ್ಲಿ ರಾಕ್‌ಸ್ಟಾರ್ ಆಗಿರಬೇಕು. ಸಂಬಳ ಎಷ್ಟು ಎಂದು ಕೆಳಗೆ ಹುಡುಕಿದೆ. 'ಉದ್ಯಮದಲ್ಲೇ ಅತ್ಯುತ್ತಮ' ಎಂದಿತ್ತು.

ಇಂಥ ಮಾತುಗಳನ್ನು ಇಂಗ್ಲಿಷಿನಲ್ಲಿ ಬಜ್‌ವರ್ಡ್ ಎನ್ನುತ್ತಾರೆ. ಬಜ್ ಎಂದರೆ ದುಂಬಿಯ ಗುಂಯ್‌ಗಾಟ. ಸದ್ದು ಕೇಳುತ್ತದೆ, ದುಂಬಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಇವುಗಳನ್ನು ಗೇಲಿ ಮಾಡುವುದು ಸುಲಭ. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರೇ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುತ್ತಾರೆ. ಆದರೆ ನಮ್ಮ ರಾಜ್ಯದಲ್ಲಿ ಪ್ರತಿವರ್ಷ ಎಷ್ಟೋ ಸಾವಿರ ಹುಡುಗ ಹುಡುಗಿಯರು ತಮ್ಮ ಬದುಕಿನ ಮೊದಲ ಸಂಬಳಕ್ಕಾಗಿ ಓದುವ ಗದ್ಯ ಇದು. ಕಥೆ ಕವಿತೆಗಳಿಗಿಂತ ಹೆಚ್ಚು ಗಮನ ಕೊಟ್ಟು, ಎರಡೆರಡು ಸಲ ಓದುವ ಗದ್ಯ. ಇಷ್ಟು ಶ್ರದ್ಧೆಯ ಓದುಗರಿರುವ ಒಂದು ಬರವಣಿಗೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದದೆ ಬಿಡುವುದು ಸರಿಯಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕೆಲಸಕ್ಕೆ ಕರೆಯುವ ಬರಹ ನಮಗೆ ಹೊಸದಲ್ಲ. ಬೆಂಗಳೂರಿನ ಯಾವುದೇ ದರ್ಶಿನಿಯ ಗೋಡೆಗೆ ಅಂಟಿಸಿದ ಚೀಟಿ ನೋಡಿ: ಸಪ್ಲೈಯರ್, ಕ್ಲೀನರ್, ದೋಸೆ ಭಟ್ಟರು ಬೇಕಾಗಿದ್ದಾರೆ, ಊಟ ವಸತಿ ಉಂಟು, ಕೆಳಗೊಂದು ಫೋನ್ ನಂಬರು. ಹತ್ತು ಪದ ಮೀರದ ಈ ಬರಹದಲ್ಲಿ ಎರಡೂ ಕಡೆಯ ಮಾತಿದೆ. ನನಗೆ ಏನು ಬೇಕು, ನಿನಗೆ ಏನು ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಸರ್ಕಾರದ ನೇಮಕಾತಿ ಅಧಿಸೂಚನೆ. ಅದರ ಭಾಷೆಯಂಥ ಒಣ ಭಾಷೆ ಇನ್ನೊಂದಿಲ್ಲ. ಆದರೆ ಹುದ್ದೆಗಳ ಸಂಖ್ಯೆ, ಮೀಸಲಾತಿಯ ವರ್ಗೀಕರಣ, ವಯೋಮಿತಿ, ವಿದ್ಯಾರ್ಹತೆ, ವೇತನ ಶ್ರೇಣಿ, ಕೊನೆಯ ದಿನಾಂಕ, ಎಲ್ಲವೂ ಅದರಲ್ಲಿ ಅಂಕಿಗಳಲ್ಲಿರುತ್ತವೆ. ಅಧಿಸೂಚನೆಯಲ್ಲಿ ತಪ್ಪಿದ್ದರೆ ಅಭ್ಯರ್ಥಿ ಅದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಬಹುದು. ಒಣ ಭಾಷೆಗೆ ಈ ಘನತೆ ಇದೆ: ಅದು ಸಿಕ್ಕಿಹಾಕಿಕೊಳ್ಳಲು ಒಪ್ಪಿಕೊಂಡ ಭಾಷೆ.

ಸಾಫ್ಟ್‌ವೇರ್ ಜಾಹೀರಾತು ಈ ಎರಡನ್ನೂ ಹೋಲುವುದಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರದ ನೆಂಟ ಯಾವುದೆಂದರೆ ವಧು ಬೇಕಾಗಿದ್ದಾಳೆ ಎಂಬ ಜಾಹೀರಾತು. ಸುಶೀಲೆ, ಸುಸಂಸ್ಕೃತೆ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವಳು. ಇವು ಅರ್ಹತೆಗಳಲ್ಲ, ಗುಣಗಳು. ಅರ್ಹತೆಯನ್ನು ತೋರಿಸಿ ಮುಗಿಸಬಹುದು. ಗುಣವನ್ನು ದಿನಾ ತೋರಿಸುತ್ತಲೇ ಇರಬೇಕು. ಹೊಂದಿಕೊಂಡು ಹೋಗುವುದು ಎಂದರೆ ಎಷ್ಟು ಎಂದು ಯಾವ ಸೊಸೆಗೂ ಮೊದಲೇ ಯಾರೂ ಹೇಳಿಲ್ಲ.

ನಮ್ಮ ಕಾವ್ಯಮೀಮಾಂಸೆ ಶಬ್ದಕ್ಕೆ ಮೂರು ಶಕ್ತಿಗಳನ್ನು ಹೇಳುತ್ತದೆ: ಅಭಿಧಾ, ಲಕ್ಷಣಾ, ವ್ಯಂಜನಾ. ತರಗತಿಯಲ್ಲಿ ಎಲ್ಲರೂ ಕೇಳಿರುವ ಉದಾಹರಣೆ, ಗಂಗೆಯ ಮೇಲೆ ಹಟ್ಟಿ. ನೀರಿನ ಮೇಲೆ ಹಟ್ಟಿ ಇರಲು ಸಾಧ್ಯವಿಲ್ಲವಾದ್ದರಿಂದ ದಡದ ಮೇಲೆ ಎಂದು ತಿಳಿಯುತ್ತೇವೆ. ಆ ಹಟ್ಟಿಯ ತಂಪು, ಪಾವಿತ್ರ್ಯ ನಮಗೆ ಹೊಳೆಯುತ್ತವೆ. ಆನಂದವರ್ಧನ ಧ್ವನಿಯನ್ನು ಎಷ್ಟೇ ಎತ್ತರಕ್ಕೆ ಏರಿಸಿದರೂ ಅದು ವಾಚ್ಯಾರ್ಥದ ಮೂಲಕವೇ ಹೊಮ್ಮಬೇಕು, ದೀಪದ ಮೂಲಕ ಬೆಳಕು ಹೊಮ್ಮುವ ಹಾಗೆ. ಬಜ್‌ವರ್ಡಿನಲ್ಲಿ ವಾಚ್ಯಾರ್ಥ ಇಲ್ಲವೇ ಇಲ್ಲ ಎನ್ನುವಷ್ಟು ತೆಳು. ಕೆಲಸವೆಲ್ಲ ವ್ಯಂಗ್ಯಾರ್ಥದ್ದು. ಹಾಗಾಗಿ ಅನುಭವಿಗಳಿಗೆ ಅದು ಸಲೀಸಾಗಿ ಅರ್ಥವಾಗುತ್ತದೆ, ಹೊಸಬರಿಗೆ ಮಾತ್ರ ಆಗುವುದಿಲ್ಲ. 'ಫಾಸ್ಟ್ ಪೇಸ್ಡ್' ಎಂದರೆ ಸಂಜೆ ಮನೆಗೆ ಹೋಗುವ ಹೊತ್ತು ನಿಗದಿಯಿಲ್ಲ. 'ಸೆಲ್ಫ್ ಸ್ಟಾರ್ಟರ್' ಎಂದರೆ ಕಲಿಸಿಕೊಡಲು ಇಲ್ಲಿ ಯಾರೂ ಇಲ್ಲ. 'ಡೈನಾಮಿಕ್' ಎಂದರೆ ಇವತ್ತು ಹೇಳಿದ್ದನ್ನು ನಾಳೆ ಬದಲಾಯಿಸುತ್ತೇವೆ. ಹತ್ತು ವರ್ಷ ಸರ್ವಿಸ್ ಆದವನು ಜಾಹೀರಾತು ಓದಿ ನಗುತ್ತಾನೆ. ಮೊದಲ ಕೆಲಸ ಹುಡುಕುವವನು ಅದನ್ನು ನಂಬುತ್ತಾನೆ. ಒಂದೇ ಬರಹ ಇಬ್ಬರಿಗೆ ಎರಡು ಬಗೆಯಾಗಿ ಕೇಳಿಸುವುದು ಕಾವ್ಯದಲ್ಲಿ ಗುಣವಿರಬಹುದು. ಕರಾರಿಗೆ ಮುಂಚಿನ ಮಾತಿನಲ್ಲಿ ಅದು ಗುಣವಲ್ಲ.

ಇಂಥ ಪದವನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಒಳ್ಳೆಯ ದಾರಿ, ಅದನ್ನು ಕನ್ನಡಕ್ಕೆ ತಂದು ನೋಡುವುದು. ನಿಘಂಟಿನ ಕನ್ನಡಕ್ಕಲ್ಲ, ಮನೆಯಲ್ಲಿ ಆಡುವ ಕನ್ನಡಕ್ಕೆ.

'ಪ್ಯಾಶನೇಟ್' ಎಂಬುದಕ್ಕೆ ನಮ್ಮಲ್ಲಿ ಹತ್ತಿರದ ಪದ ಹುಚ್ಚು. ನಾಟಕದ ಹುಚ್ಚು, ಓದಿನ ಹುಚ್ಚು, ಕ್ರಿಕೆಟ್ಟಿನ ಹುಚ್ಚು. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಹುಚ್ಚು ಹಿಡಿದವನು ಮನೆಗೆ ಉಪಯೋಗಕ್ಕಿಲ್ಲ ಎಂಬ ಸಣ್ಣ ಬೇಸರವೂ ಅದರಲ್ಲಿ ಸೇರಿರುತ್ತದೆ. ಹುಚ್ಚು ತಾನಾಗಿ ಹಿಡಿಯುವಂಥದ್ದು. ಇನ್ನೊಬ್ಬರು ಕೇಳಿದ್ದಕ್ಕೆ ಹಿಡಿಸಿಕೊಳ್ಳುವಂಥದ್ದಲ್ಲ. 'ಬ್ಯಾಂಕಿನ ಸಾಲದ ಬಡ್ಡಿ ಲೆಕ್ಕ ಹಾಕುವ ತಂತ್ರಾಂಶದ ನಿರ್ವಹಣೆಗೆ ಹುಚ್ಚರು ಬೇಕಾಗಿದ್ದಾರೆ' ಎಂದು ಬರೆದರೆ ಕೂಡಲೇ ನಗು ಬರುತ್ತದೆ. ಆ ಕೆಲಸಕ್ಕೆ ಬೇಕಾದ್ದು ಹುಚ್ಚಲ್ಲ, ಎಚ್ಚರ. ಪೈಸೆ ತಪ್ಪದಂತೆ ನೋಡಿಕೊಳ್ಳುವ ಶ್ರದ್ಧೆ. ಎಚ್ಚರ, ಶ್ರದ್ಧೆ, ನಿಗಾ ಎಂಬ ಒಳ್ಳೆಯ ಪದಗಳು ಜಾಹೀರಾತಿನಲ್ಲಿ ಕಾಣುವುದಿಲ್ಲ. ಅವುಗಳಿಗೆ ಸದ್ದು ಕಡಿಮೆ.

ಪುಟ್ಟ ಕಂಪನಿಗಳ ಜಾಹೀರಾತಿನಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಇಲ್ಲಿ ನೀವು ಹಲವು ಟೋಪಿಗಳನ್ನು ಹಾಕಿಕೊಳ್ಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಹಲವು ಪಾತ್ರ ನಿರ್ವಹಿಸುವುದು ಎಂದು ಅರ್ಥ. ಕನ್ನಡದಲ್ಲಿ ಟೋಪಿ ಹಾಕಿಸಿಕೊಳ್ಳುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಮೂವರು ಮಾಡುವ ಕೆಲಸವನ್ನು ಒಬ್ಬನ ಸಂಬಳಕ್ಕೆ ಮಾಡುವುದನ್ನು ನಮ್ಮ ಭಾಷೆ ಹೆಚ್ಚು ಸರಿಯಾಗಿ ಹಿಡಿದಿದೆ ಅನ್ನಿಸುತ್ತದೆ.

'ಓನರ್‌ಶಿಪ್' ಇನ್ನೂ ತೂಕದ ಪದ. ಕನ್ನಡದಲ್ಲಿ ಅದು ಒಡೆತನ. ಉಳುವವನೇ ಒಡೆಯ ಎಂಬ ಮಾತನ್ನು ಕಾನೂನಾಗಿಸಲು ಈ ರಾಜ್ಯ ಹೆಣಗಿದೆ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಪಹಣಿಯಲ್ಲಿ ಹೆಸರು ಕೊಟ್ಟಿತು. ಒಡೆತನ ಎಂದರೆ ನಮಗೆ ಹೀಗೆ ದಾಖಲೆಯಲ್ಲಿ ಕಾಣುವ ಸಂಗತಿ. ಜಾಹೀರಾತಿನ ಓನರ್‌ಶಿಪ್ ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಬರೆದ ಪ್ರತಿಯೊಂದು ಸಾಲು ಕೋಡೂ ಕಂಪನಿಗೆ ಸೇರಿದ್ದು ಎಂದು ಕೆಲಸಕ್ಕೆ ಸೇರುವ ದಿನವೇ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗಾದರೆ ಉದ್ಯೋಗಿ ತೆಗೆದುಕೊಳ್ಳಬೇಕಾದ ಒಡೆತನ ಯಾವುದರದ್ದು? ರಾತ್ರಿ ಎರಡು ಗಂಟೆಗೆ ಸರ್ವರ್ ನಿಂತರೆ ಬರುವ ಫೋನಿನದ್ದು. ಹೊಲ ಅವರದ್ದು, ಬರ ಇವನದ್ದು.

'ವಿ ಆರ್ ಎ ಫ್ಯಾಮಿಲಿ' ಎಂಬುದನ್ನು ಅನುವಾದಿಸುವ ಅಗತ್ಯವೇ ಇಲ್ಲ. ಮನೆಯವರಿಗೆ ಯಾರೂ ನೋಟಿಸ್ ಪೀರಿಯಡ್ ಕೊಡುವುದಿಲ್ಲ, ಅಷ್ಟೇ. ಈ ವಿಷಯದಲ್ಲಿ ನೆಟ್‌ಫ್ಲಿಕ್ಸ್ ಕಂಪನಿ 2009ರಲ್ಲಿ ಬಹಿರಂಗಪಡಿಸಿದ ತನ್ನ ಸಂಸ್ಕೃತಿಯ ಕುರಿತ ಟಿಪ್ಪಣಿ ಹೆಚ್ಚು ಪ್ರಾಮಾಣಿಕ. ನಾವು ಕುಟುಂಬವಲ್ಲ, ತಂಡ ಎಂದು ಅದು ನೇರವಾಗಿ ಹೇಳಿತು. ಕ್ರೀಡಾ ತಂಡದಲ್ಲಿ ಆಡದವನನ್ನು ಕೈಬಿಡುತ್ತಾರೆ ಎಂಬ ಕಟುಸತ್ಯ ಅದರಲ್ಲಿದೆ. ಕಟುವಾದದ್ದನ್ನು ಮುಂಚೆಯೇ ಹೇಳಿದರೆ ಕೇಳಿದವನು ಬೇಕೋ ಬೇಡವೋ ಎಂದು ಯೋಚಿಸಬಹುದು.

ಕೆಲವು ಪದಗಳ ಪ್ರಯಾಣವೇ ಒಂದು ಕಥೆ. ಅಮೆರಿಕದ ಜಾಹೀರಾತುಗಳಲ್ಲಿ 'ನಿಂಜಾ' ಎಂದರೆ ಯಾರಿಗೂ ಸಿಗದಷ್ಟು ಚುರುಕಾದ ಪ್ರೋಗ್ರಾಮರ್. ಅದೇ ಪದ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಂದು ಏನಾಯಿತು ನೋಡಿ. ಟಿಸಿಎಸ್ ಹೊಸಬರನ್ನು ಸೇರಿಸಿಕೊಳ್ಳುವಾಗ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ವರ್ಗಗಳನ್ನು ಮಾಡುತ್ತದೆ. ಅದರಲ್ಲಿ ನಿಂಜಾ ಕೆಳಗಿನ ಮೆಟ್ಟಿಲು, ವರ್ಷಕ್ಕೆ ಮೂರೂವರೆ ಲಕ್ಷದೊಳಗಿನ ಸಂಬಳ ಎಂದೇ ಕ್ಯಾಂಪಸ್ಸುಗಳಲ್ಲಿ ಅದು ಪರಿಚಿತ. ಹಾಸ್ಟೆಲಿನಲ್ಲಿ "ಅವನಿಗೆ ಡಿಜಿಟಲ್ ಬಂತು, ನಂಗೆ ಬರೀ ನಿಂಜಾ" ಎಂದು ಹುಡುಗರು ಬೇಸರಪಟ್ಟುಕೊಳ್ಳುತ್ತಾರೆ. 'ಬರೀ ನಿಂಜಾ' ಎಂಬ ಈ ಎರಡು ಪದದಲ್ಲಿ ಬಜ್‌ವರ್ಡಿನ ಪೂರ್ತಿ ಚರಿತ್ರೆ ಇದೆ. ಅತಿಶಯೋಕ್ತಿಯನ್ನು ಎಲ್ಲರಿಗೂ ಹಂಚಿದರೆ ಅದು ದರ್ಜೆಯ ಹೆಸರಾಗಿ ಉಳಿಯುತ್ತದೆ. ಇದು ಆಗಿದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಅದರ ಬೆಲೆ ಎಷ್ಟು ಎಂದಾದರೂ ಗೊತ್ತಾಯಿತು.

'ಗುರು' ಇನ್ನೊಂದು. ನಮ್ಮಲ್ಲಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿ ಪರಿಣತ ಎಂಬ ಅರ್ಥ ಪಡೆದು, ಜಾವಾಸ್ಕ್ರಿಪ್ಟ್ ಗುರು ಬೇಕಾಗಿದ್ದಾರೆ ಎಂದು ಬೆಂಗಳೂರಿಗೇ ವಾಪಸು ಬಂದಿದೆ. ಬಂದಿಳಿದ ಊರಿನಲ್ಲಿ ಆಟೋ ಸ್ಟ್ಯಾಂಡಿನಿಂದ ಹಿಡಿದು ಕಾಲೇಜಿನ ಕ್ಯಾಂಟೀನಿನವರೆಗೆ ಎಲ್ಲರೂ ಎಲ್ಲರಿಗೂ 'ಏನ್ ಗುರೂ' ಎನ್ನುತ್ತಿದ್ದಾರೆ. ಇಲ್ಲಿ ಅದು ಪರಿಣತಿಯ ಪದವಲ್ಲ, ಸಲುಗೆಯ ಪದ.

'ರಾಕ್‌ಸ್ಟಾರ್' ಎಂಬುದಕ್ಕೆ ಒಳ್ಳೆಯ ಉತ್ತರ ಬಂದದ್ದು ಪ್ರೋಗ್ರಾಮರ್ ಒಬ್ಬನಿಂದಲೇ. 2018ರಲ್ಲಿ ಡೈಲನ್ ಬೀಟಿ ಎಂಬಾತ ರಾಕ್‌ಸ್ಟಾರ್ ಎಂಬ ಹೆಸರಿನ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೇ ಕಟ್ಟಿದ. ಅದರಲ್ಲಿ ಬರೆದ ಪ್ರೋಗ್ರಾಮು ಎಂಬತ್ತರ ದಶಕದ ರಾಕ್ ಹಾಡಿನ ಸಾಹಿತ್ಯದ ಹಾಗೆ ಓದಿಸಿಕೊಳ್ಳುತ್ತದೆ, ಕಂಪ್ಯೂಟರಿನಲ್ಲಿ ಓಡುತ್ತದೆ ಕೂಡ. ಉದ್ದೇಶ ಸರಳ: ಇನ್ನು ಮೇಲೆ ಯಾರು ಬೇಕಾದರೂ ಸುಳ್ಳು ಹೇಳದೆ ತಾನು ರಾಕ್‌ಸ್ಟಾರ್ ಡೆವಲಪರ್ ಎಂದು ಅರ್ಜಿಯಲ್ಲಿ ಬರೆಯಬಹುದು. ಅರ್ಥ ಕಳೆದುಕೊಂಡ ಪದಕ್ಕೆ ವಾಚ್ಯಾರ್ಥವನ್ನು ದಾನ ಮಾಡುವುದು ವಿಡಂಬನೆಯ ಒಳ್ಳೆಯ ಮಾದರಿ.

ಸ್ವಭಾವ ನೋಡಿ ಕೆಲಸ ಕೊಡುವ ಈ ರೂಢಿ ನಿನ್ನೆ ಮೊನ್ನೆಯದಲ್ಲ. 1950ರ ದಶಕದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಕಾಲೇಜುಗಳು ತೀರಾ ವಿರಳವಾಗಿದ್ದವು. ಆಗ ಐಬಿಎಂ ಚದುರಂಗ ಆಡುವವರನ್ನು, ಒಗಟು ಬಿಡಿಸುವವರನ್ನು ಕರೆದು ಜಾಹೀರಾತು ಕೊಡುತ್ತಿತ್ತು. ಅರ್ಹತೆ ಕೇಳಲು ಅರ್ಹತೆ ಎಂಬುದೇ ಹುಟ್ಟಿರದಿದ್ದಾಗ ಒಲವನ್ನು ಕೇಳಿದರು, ಅದು ಅರ್ಥವಾಗುವಂಥದ್ದೇ. 1966ರಲ್ಲಿ ವಿಲಿಯಂ ಕ್ಯಾನನ್, ಡ್ಯಾಲಿಸ್ ಪೆರಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1378 ಪ್ರೋಗ್ರಾಮರುಗಳ ಅಭಿರುಚಿಗಳನ್ನು ಅಳೆದರು. ಅವರಲ್ಲಿ ಹೆಂಗಸರು 186 ಮಂದಿ ಮಾತ್ರ. ಒಗಟುಗಳೆಂದರೆ ಇವರಿಗೆ ಇಷ್ಟ, ಜನರೆಂದರೆ ಅಷ್ಟಕ್ಕಷ್ಟೆ ಎಂಬುದು ಅವರಿಗೆ ಕಂಡ ಸಂಗತಿ. ಆಗ ಕೆಲಸದಲ್ಲಿದ್ದವರು ಹೇಗಿದ್ದರು ಎಂಬ ವರ್ಣನೆ, ಮುಂದೆ ಬರುವವರು ಹೇಗಿರಬೇಕು ಎಂಬ ನಿಯಮಕ್ಕೆ ಆಧಾರವಾಯಿತು. ಜನ ಬೇಡದ ಗಂಡಸು ಎಂಬ ಪ್ರೋಗ್ರಾಮರಿನ ಚಿತ್ರ ಗಟ್ಟಿಯಾಗಲು ಇಂಥ ಪರೀಕ್ಷೆಗಳೂ ಕಾರಣ ಎಂದು ಈ ವೃತ್ತಿಯ ಇತಿಹಾಸ ಬರೆದ ನೇಥನ್ ಎನ್ಸ್‌ಮೆಂಗರ್ ವಾದಿಸಿದ್ದಾರೆ. ಅಂದು ಜನ ಬೇಡದವನೇ ಬೇಕಾಗಿದ್ದ. ಇಂದಿನ ಜಾಹೀರಾತಿಗೆ 'ಟೀಮ್ ಪ್ಲೇಯರ್' ಬೇಕು. ಕೋಡು ಬರೆಯುವ ಕೆಲಸ ಅಷ್ಟೇನೂ ಬದಲಾಗಿಲ್ಲ, ಬಯಸುವ ಸ್ವಭಾವ ತಿರುಗಾಮುರುಗಾ ಆಗಿದೆ.

ಈ ಮಾತುಗಳಿಗೆ ಪರಿಣಾಮ ಇದೆ ಎಂಬುದಕ್ಕೂ ಆಧಾರವಿದೆ. 2011ರಲ್ಲಿ ಡೇನಿಯಲ್ ಗಾಷರ್, ಜಸ್ಟಿನ್ ಫ್ರೀಸನ್, ಆರನ್ ಕೇ ಎಂಬ ಸಂಶೋಧಕರು ಉದ್ಯೋಗದ ಜಾಹೀರಾತುಗಳ ಭಾಷೆಯ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರೇ ಹೆಚ್ಚಿರುವ ವೃತ್ತಿಗಳ ಜಾಹೀರಾತುಗಳಲ್ಲಿ ಸ್ಪರ್ಧೆ, ಮುಂದಾಳುತನ, ಮೇಲುಗೈ ಎಂಬ ಜಾತಿಯ ಪದಗಳು ಹೆಚ್ಚಿದ್ದವು. ಅಂಥ ಪದಗಳಿದ್ದಾಗ ಆ ಕೆಲಸ ಹೆಂಗಸರಿಗೆ ಕಡಿಮೆ ಹಿಡಿಸಿತು. ಇಲ್ಲಿ ಗಮನಿಸಬೇಕಾದ್ದು ಕಾರಣ. ಆ ಕೆಲಸ ತಮ್ಮಿಂದ ಆಗದು ಎಂದು ಅವರಿಗೆ ಅನ್ನಿಸಲಿಲ್ಲ. ಅಲ್ಲಿ ತಾವು ಸೇರುವವರಲ್ಲ ಅನ್ನಿಸಿತು. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗಿಗೆ ಬಂದ ಹುಡುಗಿಯೊಬ್ಬಳು 'ರಾಕ್‌ಸ್ಟಾರ್' ಎಂಬ ಪದದೆದುರು ನಿಂತಾಗ ಏನಾಗುತ್ತದೆ ಎಂದು ಊಹಿಸಲು ನನಗೆ ಬೇರೆ ಅಧ್ಯಯನ ಬೇಕಿಲ್ಲ.

ಎಲ್ಲ ಪದಗಳೂ ಟೊಳ್ಳಾಗಿ ಹುಟ್ಟುವುದಿಲ್ಲ. 'ಅಜೈಲ್' ಎಂಬ ಪದವನ್ನೇ ನೋಡಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಜನ ಅನುಭವಿ ಪ್ರೋಗ್ರಾಮರುಗಳು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಕಟ್ಟುಕಟ್ಟಲೆಗಿಂತ ಮನುಷ್ಯರು ಮುಖ್ಯ, ದಾಖಲೆಯ ರಾಶಿಗಿಂತ ಓಡುವ ತಂತ್ರಾಂಶ ಮುಖ್ಯ ಎಂಬ ಧಾಟಿಯ ನಾಲ್ಕು ಮಾತು, ಜೊತೆಗೆ ಹನ್ನೆರಡು ತತ್ತ್ವ. ಭಾಷೆ ಸರಳ, ವಿನಯವುಳ್ಳದ್ದು. ಆ ಹನ್ನೆರಡರಲ್ಲಿ ಒಂದು ತತ್ತ್ವ ಕೆಲಸದ ವೇಗದ ಬಗ್ಗೆ: ಎಷ್ಟು ಕಾಲವಾದರೂ ದಣಿಯದೆ ನಡೆಸಿಕೊಂಡು ಹೋಗಬಹುದಾದ ಒಂದೇ ಸಮನೆಯ ನಡಿಗೆ ಇರಬೇಕು. ಈಗ 'ಫಾಸ್ಟ್ ಪೇಸ್ಡ್ ಅಜೈಲ್ ವಾತಾವರಣ' ಎಂದು ಜಾಹೀರಾತುಗಳು ಬರೆಯುತ್ತವೆ. ಮೂಲದ ಪ್ರಕಾರ ಆ ಎರಡು ವಿಶೇಷಣಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಆ 17 ಜನರಲ್ಲಿ ಒಬ್ಬರಾದ ಡೇವ್ ಥಾಮಸ್ 2014ರಲ್ಲಿ ಅಜೈಲ್ ಸತ್ತಿದೆ ಎಂದೇ ಒಂದು ಲೇಖನ ಬರೆದರು. ಅವರ ಆಕ್ಷೇಪ ಒಬ್ಬ ವ್ಯಾಕರಣ ಪಂಡಿತನ ಆಕ್ಷೇಪದಂತಿದೆ: ಗುಣವಾಚಕವಾಗಿದ್ದ ಪದವನ್ನು ನಾಮಪದ ಮಾಡಿ ಮಾರುತ್ತಿದ್ದಾರೆ. ಗುಣವನ್ನು ಮಾರಲಾಗುವುದಿಲ್ಲ, ವಸ್ತುವನ್ನು ಮಾರಬಹುದು. 'ಸ್ಪ್ರಿಂಟ್' ಎಂಬುದೂ ಹಾಗೇ. ಸ್ಕ್ರಮ್ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡು ವಾರದ ಕೆಲಸದ ಕಂತಿಗೆ ಸ್ಪ್ರಿಂಟ್ ಎನ್ನುತ್ತಾರೆ. ಒಂದು ಮುಗಿದ ಕೂಡಲೇ ಇನ್ನೊಂದು ಶುರುವಾಗಬೇಕು ಎಂಬುದು ಅದರ ನಿಯಮ. ಸ್ಪ್ರಿಂಟ್ ಎಂದರೆ ನೂರು ಮೀಟರ್ ಓಟ. ನೂರು ಮೀಟರ್ ಓಟವನ್ನು ವರ್ಷಕ್ಕೆ ಇಪ್ಪತ್ತಾರು ಸಲ, ನಡುವೆ ನಿಲ್ಲದೆ ಓಡುವವರನ್ನು ಯಾವ ಕ್ರೀಡಾಂಗಣದಲ್ಲೂ ಕಾಣೆ. ಪದ ಆರಿಸಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ರೂಪಕವೊಂದನ್ನು ಎತ್ತಿಕೊಂಡಾಗ ಅದರ ಅರ್ಧವನ್ನಷ್ಟೇ ಎತ್ತಿಕೊಂಡರು. ಓಟವನ್ನು ತೆಗೆದುಕೊಂಡು ಓಟದ ನಂತರದ ಉಸಿರನ್ನು ಬಿಟ್ಟರು.

ಹಾಗಾದರೆ ಈ ಜಾಹೀರಾತುಗಳಲ್ಲಿ ಅಂಕಿಗಳೇ ಇಲ್ಲವೇ? ಇವೆ, ಕೇಳುವ ಕಡೆ. ಇಷ್ಟು ವರ್ಷದ ಅನುಭವ ಎಂಬಲ್ಲಿ. ಅಲ್ಲಿಯೂ ಅಂಕಿ ಪದದ ಹಾಗೆಯೇ ನಡೆದುಕೊಳ್ಳುತ್ತದೆ. 2020ರಲ್ಲಿ ಸೆಬಾಸ್ಟಿಯನ್ ರಮೀರೆಜ್ ಎಂಬ ಪ್ರೋಗ್ರಾಮರ್ ತಾನು ಕಂಡ ಒಂದು ಜಾಹೀರಾತಿನ ಬಗ್ಗೆ ಬರೆದುಕೊಂಡ. ಅದರಲ್ಲಿ ಫಾಸ್ಟ್‌ಎಪಿಐ ಎಂಬ ತಂತ್ರಾಂಶದಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಅನುಭವ ಕೇಳಿದ್ದರು. ಫಾಸ್ಟ್‌ಎಪಿಐಯನ್ನು ಸೃಷ್ಟಿಸಿದವನು ಅವನೇ, ಸೃಷ್ಟಿಸಿ ಆಗ ಆಗಿದ್ದದ್ದು ಒಂದೂವರೆ ವರ್ಷ. ಲೋಕವೆಲ್ಲ ನಕ್ಕಿತು. ಈ ನಗುವಿನಲ್ಲಿ ಒಂದು ಸಣ್ಣ ಸತ್ಯ ಉಳಿದುಹೋಗುತ್ತದೆ: ಸೃಷ್ಟಿಕರ್ತನಿಗೆ ಆ ಬೇಡಿಕೆ ತಪ್ಪು ಎಂದು ಗೊತ್ತಿತ್ತು, ಅವನು ನಗಬಹುದಿತ್ತು. ಅದೇ ಸಾಲನ್ನು ಓದಿದ ಬೇರೆ ಹುಡುಗರು ತಮ್ಮಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಮುಂದಕ್ಕೆ ಹೋಗಿರುತ್ತಾರೆ.

ಕೊಡುವ ಕಡೆ ಅಂಕಿ ಇದ್ದರೆ ಅದರ ಹೆಸರು ಸಿಟಿಸಿ. ಪೂರ್ತಿ ಬಿಡಿಸಿದರೆ 'ಕಂಪನಿಗೆ ತಗಲುವ ವೆಚ್ಚ'. ಸಂಬಳವನ್ನು ಪಡೆಯುವವನ ಕಡೆಯಿಂದ ಹೇಳದೆ ಕೊಡುವವನ ಕಡೆಯಿಂದ ಹೇಳುವ ಮಾತು ಇದು. ಕಂಪನಿ ಕಟ್ಟುವ ಭವಿಷ್ಯನಿಧಿ, ವರ್ಷಗಟ್ಟಲೆ ದುಡಿದ ಮೇಲೆ ಸಿಗುವ ಗ್ರಾಚ್ಯುಟಿ, ಸಿಕ್ಕರೂ ಸಿಗಬಹುದಾದ ವೇರಿಯಬಲ್ ಪೇ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಊರಲ್ಲಿ ಅಪ್ಪ ಅಮ್ಮ ನೆಂಟರಿಗೆ ಹೇಳಿದ ಅಂಕಿ ಒಂದು, ತಿಂಗಳ ಕೊನೆಗೆ ಖಾತೆಗೆ ಬಂದ ಅಂಕಿ ಇನ್ನೊಂದು. 'ಇಮಿಡಿಯೆಟ್ ಜಾಯಿನರ್' ಎಂಬುದೂ ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಬೇಡಿಕೆ: ನಾಳೆಯೇ ಬಂದು ಸೇರಬೇಕು. ಹಾಗೆ ಕೇಳುವ ಕಂಪನಿಯೇ ತನ್ನಿಂದ ಹೊರಡುವವರನ್ನು ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ಡಿಗೆ ಕಟ್ಟಿಹಾಕುವುದುಂಟು. ಬೇರೆ ಕಡೆ ಇದಕ್ಕೆ ಕಾನೂನಿನ ಮದ್ದು ಹುಡುಕಿದ್ದಾರೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರಿನಿಂದ ಜಾಹೀರಾತಿನಲ್ಲಿ ಸಂಬಳದ ಶ್ರೇಣಿಯನ್ನು ಮುದ್ರಿಸಲೇಬೇಕು. ದರ್ಶಿನಿಯ ಚೀಟಿಯಲ್ಲಿರುವ ಊಟ ವಸತಿಯ ಸಾಲನ್ನು ಕಾನೂನು ಮಾಡಿ ಬರೆಸಬೇಕಾಯಿತು.

ಇಷ್ಟು ಹೊತ್ತು ನೋಡಿದ ಪದಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಅವುಗಳಲ್ಲಿ ಯಾವುದಕ್ಕೂ ಅಳತೆಯಿಲ್ಲ. ಜಾವಾ ಬರುತ್ತದೋ ಇಲ್ಲವೋ ಎಂದು ಅರ್ಧ ಗಂಟೆಯಲ್ಲಿ ನೋಡಬಹುದು. ಬಂದರೆ ಆ ಬೇಡಿಕೆ ಅಲ್ಲಿಗೆ ಈಡೇರಿತು. ಉತ್ಕಟತೆ ಎಷ್ಟಿದ್ದರೆ ಸಾಕು? ಒಡೆತನ ಎಷ್ಟು ಗಂಟೆಯವರೆಗೆ? ಎಷ್ಟು ಟೋಪಿ? ಸಾಕು ಎಂಬ ಪದ ಈ ಭಾಷೆಯಲ್ಲಿಲ್ಲ. ಅದು ಇಲ್ಲದ ಕಡೆ ಕೊರತೆ ಯಾವಾಗಲೂ ದುಡಿಯುವವನದ್ದೇ ಆಗುತ್ತದೆ. ಸಂಬಳ ಏರದಿದ್ದರೆ, ಕೆಲಸ ಹೋದರೆ, ಮೈ ಸೋತರೆ ನನ್ನಲ್ಲೇ ಪ್ಯಾಶನ್ ಸಾಲದೇ ಹೋಯಿತೇನೋ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ.

ಇದಕ್ಕೆ ಉತ್ತರವಾಗಿ ಕೆಲವರು ನಮ್ಮ ಕಾಯಕ ತತ್ತ್ವವನ್ನು ಮುಂದಿಡುವುದನ್ನು ಕೇಳಿದ್ದೇನೆ. ಪ್ಯಾಶನ್ ಎಂಬುದು ಶರಣರು ಹೇಳಿದ್ದೇ ಅಲ್ಲವೇ ಎಂದು. ಅಲ್ಲ. ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ಅಳತೆಗಿಂತ ಹೆಚ್ಚಾಯಿತು, ಹಿಂದಿರುಗಿಸಿ ಬಾ ಎಂದು ಕಳಿಸಿದಳು. ಕಾಯಕದ ಹೃದಯದಲ್ಲಿ ಇರುವುದು ಈ ಮಿತಿ. ಇಷ್ಟು ದುಡಿದರೆ ಸಾಕು, ಇಷ್ಟು ಪಡೆದರೆ ಸಾಕು, ಉಳಿದದ್ದು ದಾಸೋಹಕ್ಕೆ. ಲಕ್ಕಮ್ಮನನ್ನು ಪಕ್ಕಕ್ಕೆ ಸರಿಸಿ ಬರೀ ಮಾರಯ್ಯನ ಆಯುವ ಕೈಯನ್ನು ತೋರಿಸಿ ಇದೇ ಕಾಯಕ ಎನ್ನುವುದು ಇನ್ನೊಂದು ಬಜ್‌ವರ್ಡ್ ಆಗುತ್ತದೆ.

ಮಿತಿಯ ಪ್ರಶ್ನೆ ಬರೀ ಪದಗಳದ್ದಲ್ಲ. 2024ರ ಜುಲೈನಲ್ಲಿ ಕರ್ನಾಟಕದ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಸುದ್ದಿಯಾದಾಗ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. 14 ಎಂಬುದು ಅಂಕಿ. ಅದಕ್ಕೆ ಎದುರು ನಿಲ್ಲಬಹುದು. 'ಫಾಸ್ಟ್ ಪೇಸ್ಡ್' ಎಂಬುದಕ್ಕೆ ಎದುರಾಗಿ ಯಾವ ಬ್ಯಾನರ್ ಬರೆಯುವುದು?

ಜಾಹೀರಾತು ಬರೆಯುವವರನ್ನೆಲ್ಲ ಖಳರೆಂದು ನಾನು ತಿಳಿದಿಲ್ಲ. ಹೆಚ್ಚಿನ ಸಲ ಅದನ್ನು ಬರೆಯುವುದು ಎಚ್‌ಆರ್ ವಿಭಾಗದ ಒಬ್ಬ ಹುಡುಗಿಯೋ ಹುಡುಗನೋ. ಕೆಲಸ ಏನೆಂದು ಅವರಿಗೂ ಪೂರ್ತಿ ಹೇಳಿರುವುದಿಲ್ಲ, ಸಂಜೆಯೊಳಗೆ ಹತ್ತು ಜಾಹೀರಾತು ಹಾಕಬೇಕಿರುತ್ತದೆ. ಹಳೆಯದರಿಂದ ನಕಲು ಮಾಡುತ್ತಾರೆ. ಈಗ ಎಐಗೆ ಹೇಳಿ ಬರೆಸುತ್ತಾರೆ. ಅರ್ಜಿ ಹಾಕುವವನೂ ಎಐಗೆ ಹೇಳಿ ಅದೇ ಪದಗಳನ್ನು ತನ್ನ ರೆಸ್ಯೂಮೆಗೆ ತುಂಬಿಸುತ್ತಾನೆ. ರೆಸ್ಯೂಮೆಗಳನ್ನು ಮೊದಲು ಜರಡಿ ಹಿಡಿಯುವುದೂ ಎಷ್ಟೋ ಕಡೆ ಒಂದು ತಂತ್ರಾಂಶವೇ. ಮನುಷ್ಯರು ಬರೆಯದ, ಮನುಷ್ಯರು ಓದದ ಸಂಭಾಷಣೆಯೊಂದು ಮನುಷ್ಯರ ಅನ್ನದ ವಿಷಯವಾಗಿ ನಡೆಯುತ್ತಿದೆ. ಇಂಥದ್ದರಲ್ಲಿ ಯಾರೋ ಒಬ್ಬರ ತಪ್ಪು ಹುಡುಕುವುದು ಕಷ್ಟ. ಭಾಷೆ ಹೀಗೆ ಕೆಡುವುದೇ ಯಾರದ್ದೂ ಅಲ್ಲದ ತಪ್ಪುಗಳಿಂದ.

ಅಕ್ಕನ ಮಗ ತನ್ನ ಅರ್ಜಿಯ ಮೊದಲ ಸಾಲಿನಲ್ಲಿ 'ಪ್ಯಾಶನೇಟ್ ಡೆವಲಪರ್' ಎಂದೇ ಬರೆದುಕೊಂಡಿದ್ದ. "ನೀನು ನಿಜವಾಗಿ ಮಾಡಿದ್ದು ಏನು?" ಎಂದು ಕೇಳಿದೆ. ಕೊನೆಯ ವರ್ಷ ತನ್ನೂರಿನ ಹಾಲಿನ ಡೇರಿಗೆ ಲೆಕ್ಕ ಇಡುವ ಒಂದು ಸಣ್ಣ ಆ್ಯಪ್ ಮಾಡಿದ್ದನಂತೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಯಾರಿಗೆ ಎಷ್ಟು ದುಡ್ಡು. ಮೊದಲ ವಾರ ಲೆಕ್ಕ ತಪ್ಪಿ ಹಾಲು ಹಾಕುವ ಹೆಂಗಸರ ಕೈಲಿ ಬೈಸಿಕೊಂಡು, ರಾತ್ರಿ ಕೂತು ಸರಿ ಮಾಡಿದ್ದ. "ಅದನ್ನೇ ಬರಿಯೋ, ಇಡೀ ಜಾಹೀರಾತಿನಲ್ಲಿ ಇಷ್ಟು ಅರ್ಥ ಇಲ್ಲ" ಎಂದೆ. ಬರೆದ. ಚೆನ್ನಾಗಿತ್ತು. ಮೂರೇ ಸಾಲು, ಎಲ್ಲವೂ ಅಳತೆಗೆ ಸಿಗುವಂಥದ್ದು.

ಕಳಿಸುವ ಮುಂಚೆ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಮೊದಲ ಸಾಲಿಗೆ 'ಪ್ಯಾಶನೇಟ್' ಎಂಬ ಪದವನ್ನು ಮತ್ತೆ ಸೇರಿಸಿದ. ನನ್ನ ಮುಖ ನೋಡಿ, "ಇರ್ಲಿ ಮಾಮ. ನೀವು ಹೇಳಿದ್ದು ಸರಿನೇ. ಆದ್ರೆ ಮೊದ್ಲು ಓದೋದು ಮಷೀನು" ಎಂದ.